ಹಾಲಿನ ಜಿಡ್ಡನ್ನು ಬೆಳಕು ಅಳೆಯುವುದು ಹೇಗೆ?



ನಂಜನಗೂಡು, ತಿ. ನರಸೀಪುರದ ಕಡೆ ಡೇರಿ ಮುಂದೆ ಈ ಮಾತು ಹೊಸದಲ್ಲ: "ನೆನ್ನೆ ನಾಲ್ಕು ಬಂದಿತ್ತು, ಇವತ್ತು ಮೂರೂವರೆ. ಹಸು ಅದೇ, ಮೇವೂ ಅದೇ!" ಹಣ ನಿಮ್ಮದು, ಆದ್ದರಿಂದ ಯಂತ್ರ ಏನು ಮಾಡುತ್ತದೆಂದು ತಿಳಿಯುವ ಹಕ್ಕೂ ನಿಮ್ಮದೇ.

ಹಳೆಯ ಗರ್ಬರ್ ಪರೀಕ್ಷೆಯಲ್ಲಿ 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಸೇರಿಸಿ ಯಂತ್ರದಲ್ಲಿ ತಿರುಗಿಸಿದರೆ ಜಿಡ್ಡು ಮೇಲೆ ನಿಲ್ಲುತ್ತದೆ. ಇದು ನಿಖರ, ಆದರೆ ನಿಧಾನ.

ಬೆಳಕಿನ ಯಂತ್ರದ ದಾರಿ ಬೇರೆ. ಮಂಜು ದಟ್ಟವಾದಷ್ಟೂ ಬಸ್ಸಿನ ದೀಪ ಮಂಕಾಗುತ್ತದಲ್ಲವೇ? ಹಾಗೆಯೇ ಜಿಡ್ಡಿನ ಹನಿಗಳು ಹೆಚ್ಚಿದಷ್ಟೂ ಹಾಲಿನ ಮೂಲಕ ದಾಟುವ ಬೆಳಕು ಕಡಿಮೆ. ಪ್ರೋಟೀನೂ ಹಾಲನ್ನು ಬೆಳ್ಳಗೆ ಮಾಡುವುದರಿಂದ, ಮೊದಲು ಒಂದು ದ್ರಾವಣ ಬೆರೆಸಿ ಆ ಬಿಳುಪನ್ನು ತೆಗೆಯುತ್ತಾರೆ. ನಂತರ ಹನಿಗಳನ್ನು ಒಂದೇ ಗಾತ್ರಕ್ಕೆ ಒಡೆದು ಅಳೆಯುತ್ತಾರೆ.

ದೊಡ್ಡ ಪ್ರಯೋಗಾಲಯಗಳಲ್ಲಿ ಕಣ್ಣಿಗೆ ಕಾಣದ ಅವಕೆಂಪು ಕಿರಣ ಬಳಸುತ್ತಾರೆ. ತನ್ನ ಕರುವಿಗೇ ಸೊರೆ ಬಿಡುವ ಹಸುವಿನಂತೆ ಪ್ರತಿ ವಸ್ತುವೂ ತನಗೊಪ್ಪುವ ಕಿರಣವನ್ನೇ ಹೀರುತ್ತದೆ. ಜಿಡ್ಡು ಸುಮಾರು 5.7 ಮೈಕ್ರಾನ್, ಪ್ರೋಟೀನ್ 6.5, ಹಾಲಿನ ಸಕ್ಕರೆ 9.6 ಮೈಕ್ರಾನ್ ಅಲೆಯುದ್ದದ ಕಿರಣ ಹೀರುತ್ತವೆ. ಬೆರೆಸಿದ ಯೂರಿಯಾ, ಸಕ್ಕರೆಯ ಸುಳಿವೂ ಇದರಲ್ಲೇ ಸಿಗುತ್ತದೆ. ಹಾಲಿನಲ್ಲಿ ಸ್ವಲ್ಪ ಯೂರಿಯಾ ಸಹಜ. ಆದರೆ 100 ಮಿ.ಲೀ.ಗೆ 70 ಮಿ.ಗ್ರಾಂ. ಮೀರಬಾರದು.

ಈಗ ಅನೇಕ ಸಂಘಗಳಲ್ಲಿ ಕಿವಿಗೆ ಕೇಳದ ಧ್ವನಿಯಿಂದ ಅಳೆಯುವ ಯಂತ್ರಗಳೂ ಇವೆ. ಯಂತ್ರ ಯಾವುದಾದರೂ, ಅದು ಹೇಳುವುದು ತನಗೆ ಕೊಟ್ಟ ಕೆಲವು ಮಿ.ಲೀ. ಹಾಲಿನ ಲೆಕ್ಕವನ್ನು ಮಾತ್ರ. ಆದ್ದರಿಂದ ಈ ಅಂಶಗಳನ್ನು ಗಮನಿಸಿ:

1. ಕೆಚ್ಚಲು ಪೂರ್ತಿ ಬರಿದಾಗುವಂತೆ ಕರೆಯಿರಿ. ಮೊದಲ ಹಾಲಿನಲ್ಲಿ ಜಿಡ್ಡು ಶೇ. 1-2 ಮಾತ್ರ, ಕೊನೆಯ ಹಾಲಿನಲ್ಲಿ ಶೇ. 5ಕ್ಕೂ ಹೆಚ್ಚು. ಕರುವಿಗೆ ಕುಡಿಸುವುದಾದರೆ ಮೊದಲ ಹಾಲು ಕುಡಿಸಿ.

2. ಬರೀ ಹಸಿರು ಹುಲ್ಲು, ಹಿಂಡಿ ತಿಂದ ರಾಸಿನ ಜಿಡ್ಡು ಇಳಿಯಬಹುದು. ನಾಲೆ ಬಯಲಿನ ಭತ್ತದ ಹುಲ್ಲನ್ನು ಜೊತೆಗೆ ಹಾಕಿ; ನಾರು ಸೇರಿದರೆ ಜಿಡ್ಡು ನಿಲ್ಲುತ್ತದೆ.

3. ಕೆನೆ ಮೇಲೇರಿದ ಕ್ಯಾನಿನಿಂದ ಸ್ಯಾಂಪಲ್ ತೆಗೆದರೆ ಲೆಕ್ಕ ತಪ್ಪು. ಚೆನ್ನಾಗಿ ಕಲಕಿದ ಮೇಲೆ ತೆಗೆಯುವುದನ್ನು ನೀವೇ ನಿಂತು ನೋಡಿ.

4. ಹುಳಿ ಹಿಡಿದ ಹಾಲು, ತೊಳೆಯದ ಯಂತ್ರ ಎರಡೂ ಅಂಕಿಯನ್ನು ಕೆಡಿಸುತ್ತವೆ.

5. ಅನುಮಾನವಿದ್ದರೆ ಜಗಳ ಬೇಡ. ಅದೇ ಹಾಲನ್ನು ಎರಡನೇ ಬಾರಿ ಪರೀಕ್ಷಿಸಲು ಕೇಳಿ. ಆಗಲೂ ವ್ಯತ್ಯಾಸ ಕಂಡರೆ ಗರ್ಬರ್ ವಿಧಾನದಲ್ಲಿ ತಾಳೆ ನೋಡಲು ಕೋರಿ.

ಒಂದು ದಿನದ ಏರಿಳಿತ ಸಹಜ. ವಾರದ ಅಂಕಿಗಳನ್ನು ಪಾಸ್ ಪುಸ್ತಕದಲ್ಲಿ ಬರೆದಿಟ್ಟು ನೋಡಿ. ದಿನದಿನಕ್ಕೂ ಇಳಿಯುತ್ತಿದ್ದರೆ ಯಂತ್ರದ ಜೊತೆಗೆ ನಿಮ್ಮ ಕೊಟ್ಟಿಗೆಯನ್ನೂ ಒಮ್ಮೆ ಪರೀಕ್ಷಿಸಿ.