ಹೊಟ್ಟೆನೋವು ಸುಳ್ಳಲ್ಲ, ಮನಸ್ಸೂ ಹೊರತಲ್ಲ

"ಕರುಳು ಚುರುಕ್ಕೆಂದಿತು", "ಹೊಟ್ಟೆ ಕಲಸಿದಂತಾಯಿತು" ಎನ್ನುತ್ತೇವೆ. ಮನಸ್ಸಿಗೂ ಕರುಳಿಗೂ ಇರುವ ನಂಟನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಪರೀಕ್ಷೆಯ ದಿನ ಬೆಳಿಗ್ಗೆ ಮಕ್ಕಳು ಮತ್ತೆ ಮತ್ತೆ ಶೌಚಕ್ಕೆ ಓಡುವುದನ್ನು ಯಾವ ತಾಯಿ ಕಂಡಿಲ್ಲ?

ಆದರೆ ಕೆಲವರಿಗೆ ಈ ತೊಂದರೆ ವರ್ಷಗಟ್ಟಲೆ ಬಿಡುವುದಿಲ್ಲ. ಹೊಟ್ಟೆನೋವು, ಉಬ್ಬರ, ಕೆಲವು ದಿನ ಭೇದಿ, ಕೆಲವು ದಿನ ಮಲಬದ್ಧತೆ. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿದರೆ ದೋಷವೇನೂ ಕಾಣದು. ವೈದ್ಯರು ಇದನ್ನು ಇರಿಟಬಲ್ ಬವೆಲ್ ಸಿಂಡ್ರೋಮ್, ಚಿಕ್ಕದಾಗಿ ಐ.ಬಿ.ಎಸ್. ಎನ್ನುತ್ತಾರೆ.

ನೋವು ಎಲ್ಲಿಂದ ಬರುತ್ತದೆ?

ನಮ್ಮ ಜೀರ್ಣಾಂಗಗಳ ಗೋಡೆಯಲ್ಲಿ 10 ಕೋಟಿಗೂ ಹೆಚ್ಚು ನರಕೋಶಗಳಿವೆ. ಅವುಗಳಿಗೂ ಮೆದುಳಿಗೂ ನಡುವೆ ಸಂದೇಶಗಳು ಸದಾ ಹೋಗಿಬರುತ್ತಿರುತ್ತವೆ. ಐ.ಬಿ.ಎಸ್. ಇರುವ ಅನೇಕರಲ್ಲಿ ಈ ನರಗಳು ಅತಿ ಸೂಕ್ಷ್ಮವಾಗಿರುತ್ತವೆ. ಇತರರಿಗೆ ಗೊತ್ತೇ ಆಗದಷ್ಟು ವಾಯು ಇವರಿಗೆ ನಿಜವಾದ ನೋವು ಕೊಡುತ್ತದೆ. ಚಿಂತೆ, ಭಯ ಹೆಚ್ಚಿದಾಗ ನೋವೂ ಹೆಚ್ಚುತ್ತದೆ.

ಯಾವುದು ಮೊದಲು?

ಆಸ್ಟ್ರೇಲಿಯಾದಲ್ಲಿ 12 ವರ್ಷಗಳ ಕಾಲ ನಡೆದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಆರಂಭದಲ್ಲಿ ಹೆಚ್ಚು ಆತಂಕವಿದ್ದವರಲ್ಲಿ ಮುಂದೆ ಇಂತಹ ಹೊಟ್ಟೆಯ ತೊಂದರೆಗಳು ಹೆಚ್ಚಾಗಿ ಕಂಡವು. ಆರಂಭದಲ್ಲಿ ಹೊಟ್ಟೆಯ ತೊಂದರೆ ಮಾತ್ರ ಇದ್ದವರಲ್ಲಿ ಮುಂದೆ ಆತಂಕ, ಖಿನ್ನತೆ ಹೆಚ್ಚಿದವು. ಅಂದರೆ ದಾರಿ ಎರಡೂ ಕಡೆಗಿದೆ. "ಚಿಂತೆ ಮಾಡಿ ಮಾಡಿ ರೋಗ ತಂದುಕೊಂಡೆ" ಎಂದು ರೋಗಿಯನ್ನು ದೂರುವುದು ನ್ಯಾಯವಲ್ಲ.

ಮನೆಯವರ ಮಾತು

ಐ.ಬಿ.ಎಸ್. ಇರುವವರು ದೂರದ ಬಸ್ ಪ್ರಯಾಣಕ್ಕೆ ಹೆದರುತ್ತಾರೆ, ಮದುವೆ ಊಟ ತಪ್ಪಿಸುತ್ತಾರೆ, ಬಲಿಪೂಜೆಯಲ್ಲೂ ಬಾಗಿಲ ಬಳಿಯೇ ಕೂರುತ್ತಾರೆ. "ಎಲ್ಲಿ ತೊಂದರೆಯಾದೀತೋ" ಎಂಬ ಭಯವೇ ಕರುಳನ್ನು ಕೆರಳಿಸುತ್ತದೆ. ಕೆರಳಿದ ಕರುಳು ಭಯವನ್ನು ಬೆಳೆಸುತ್ತದೆ. ಇಂತಹವರಿಗೆ "ಎಲ್ಲ ನಿನ್ನ ಭ್ರಮೆ" ಎಂದರೆ, ಇಲ್ಲವೇ "ನಿನಗೆ ವಿಶ್ವಾಸ ಸಾಲದು" ಎಂದರೆ, ನೋವಿನ ಮೇಲೆ ನಾಚಿಕೆಯನ್ನೂ ಹೇರಿದಂತೆ. "ನಿನ್ನ ನೋವು ನಿಜ, ನಾವು ಜೊತೆಗಿದ್ದೇವೆ" ಎಂಬ ಮಾತು ಭಯವನ್ನು ಇಳಿಸುತ್ತದೆ.

ಏನು ಮಾಡಬಹುದು?

1. ಮೊದಲು ವೈದ್ಯರನ್ನು ಕಾಣಿರಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಜ್ವರ, ನಿದ್ದೆಯಿಂದ ಎಬ್ಬಿಸುವ ಭೇದಿ, 50 ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್ - ಇವುಗಳಲ್ಲಿ ಯಾವುದಿದ್ದರೂ ತಡಮಾಡಬೇಡಿ.

2. ಎರಡು ವಾರ ಊಟ, ನಿದ್ದೆ, ಚಿಂತೆ, ನೋವು ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಯಾವುದರಿಂದ ನೋವು ಏಳುತ್ತದೆಂದು ತಿಳಿಯಲು ಇದು ನೆರವಾಗುತ್ತದೆ.

3. ಹೊತ್ತಿಗೆ ಸರಿಯಾಗಿ ಊಟ, ದಿನವೂ ನಡಿಗೆ ಇರಲಿ. ಕಾಫಿ, ಟೀ ಮಿತವಾಗಿರಲಿ.

4. ಆಪ್ತಸಲಹೆಗೆ ಹೋಗಲು ವೈದ್ಯರು ಹೇಳಿದರೆ ಅವಮಾನವೆಂದು ಭಾವಿಸಬೇಡಿ. ಸಾಮಾನ್ಯ ಚಿಕಿತ್ಸೆಯಿಂದ ಗುಣ ಕಾಣದ 558 ಮಂದಿಯ ಮೇಲೆ ಬ್ರಿಟನ್ನಿನಲ್ಲಿ ನಡೆದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಯೋಚನೆ, ನಡವಳಿಕೆಗಳನ್ನು ತಿದ್ದಿಕೊಳ್ಳುವ ತರಬೇತಿಯನ್ನು ಫೋನಿನಲ್ಲಿ ಪಡೆದವರು ವರ್ಷದ ಬಳಿಕ ಉಳಿದವರಿಗಿಂತ ಹೆಚ್ಚು ಸುಧಾರಿಸಿದ್ದರು.

ಮನಸ್ಸಿಗೆ ಚಿಕಿತ್ಸೆ ಎಂದರೆ ಹುಚ್ಚಿಗೆ ಮದ್ದು ಎಂದಲ್ಲ. ಕರುಳಿಗೂ ಮನಸ್ಸಿಗೂ ದಾರಿ ಇರುವುದರಿಂದಲೇ ಅದು ಹೊಟ್ಟೆಗೂ ಮದ್ದಾಗುತ್ತದೆ. ನಿಮ್ಮ ಮನೆಯಲ್ಲಿ ಹೀಗೆ ನರಳುವವರಿದ್ದರೆ, ಇಂದು ಅವರ ಪಕ್ಕದಲ್ಲಿ ಕುಳಿತು ಸ್ವಲ್ಪ ಹೊತ್ತು ಕೇಳಿಸಿಕೊಳ್ಳಿ.