ಕಾರಿನ ಗಾಜಿಗೆ ಅಂಟಿದ ಚೀಟಿ: ಕಟ್ಟುವುದೋ, ಪ್ರಶ್ನಿಸುವುದೋ?

ಇಂಗ್ಲೆಂಡಿಗೆ ಹೊಸದಾಗಿ ಬಂದು ಕಾರು ಕೊಂಡವರು ಪಾರ್ಕಿಂಗ್ ದಂಡದ ಚೀಟಿಯ ಬಗ್ಗೆ ಮೊದಲೇ ಒಂದಿಷ್ಟು ತಿಳಿದಿರುವುದು ಒಳ್ಳೆಯದು. ಅಂಗಡಿಯಿಂದ ವಾಪಸು ಬರುವಷ್ಟರಲ್ಲಿ ಮುಂದಿನ ಗಾಜಿಗೆ ಪ್ಲಾಸ್ಟಿಕ್ ಲಕೋಟೆ ಅಂಟಿರುತ್ತದೆ. ಇಲ್ಲಿನ ಕನ್ನಡ ಕುಟುಂಬಗಳಲ್ಲಿ ಇದಕ್ಕೆ ಎರಡು ಬಗೆಯ ಪ್ರತಿಕ್ರಿಯೆ ಕಂಡಿದ್ದೇನೆ. ಕೆಲವರು ವೀಸಾಕ್ಕೆ ತೊಂದರೆಯಾದೀತೆಂದು ಹೆದರಿ, ಒಳಗೇನಿದೆಯೆಂದು ಸರಿಯಾಗಿ ಓದದೆ ಅಂದೇ ರಾತ್ರಿ ಹಣ ಕಟ್ಟುತ್ತಾರೆ. ಇನ್ನು ಕೆಲವರು ಮುಂದೆ ನೋಡಿಕೊಂಡರಾಯಿತೆಂದು ಕಾರಿನ ಖಾನೆಯೊಳಗೆ ತುರುಕಿ ಮರೆಯುತ್ತಾರೆ.

ಮೊದಲ ಗುಂಪಿಗೆ ಧೈರ್ಯ ಹೇಳಬೇಕು. ಕೌನ್ಸಿಲ್ ಹಾಕುವ ಪಾರ್ಕಿಂಗ್ ದಂಡ ಕ್ರಿಮಿನಲ್ ಅಪರಾಧವಲ್ಲ, ಸಿವಿಲ್ ವಿಷಯ. ಲೈಸೆನ್ಸಿನ ಮೇಲೆ ಪಾಯಿಂಟ್ ಬೀಳುವುದಿಲ್ಲ. ಎರಡನೆಯ ಗುಂಪಿಗೆ ಎಚ್ಚರಿಕೆ ಹೇಳಬೇಕು. ಬೆಂಗಳೂರಿನಲ್ಲಿ ಗಾಡಿ ಓಡಿಸಿದವರಿಗೆ ಕಾಯುವ ಅಭ್ಯಾಸ ಬಂದಿದ್ದರೆ ಅದಕ್ಕೆ ಕಾರಣವಿದೆ. 2023ರ ಫೆಬ್ರುವರಿಯಲ್ಲಿ ಬಾಕಿ ಉಳಿದ ಸಂಚಾರ ದಂಡಕ್ಕೆ ಅರ್ಧದಷ್ಟು ರಿಯಾಯಿತಿ ಸಿಕ್ಕಿತ್ತು, 2025ರಲ್ಲಿ ಮತ್ತೊಮ್ಮೆ ಸಿಕ್ಕಿತು. ಇಂಗ್ಲೆಂಡಿನಲ್ಲಿ ಇದು ತಿರುವುಮುರುವು. ಅರ್ಧ ರಿಯಾಯಿತಿ ಇರುವುದು ಮೊದಲ 14 ದಿನ. ಆಮೇಲೆ ಮೊತ್ತ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ಹಾಗಾದರೆ ಆ 14 ದಿನದಲ್ಲಿ ಏನು ಮಾಡಬೇಕು? ಮೊದಲು ಚೀಟಿ ಯಾರದೆಂದು ನೋಡಿ. ರಸ್ತೆಯಲ್ಲೋ ಕೌನ್ಸಿಲಿನ ಪಾರ್ಕಿಂಗ್ ಜಾಗದಲ್ಲೋ ಕೊಟ್ಟದ್ದಾದರೆ ಅದರ ಮೇಲೆ ಪೆನಾಲ್ಟಿ ಚಾರ್ಜ್ ನೋಟಿಸ್ ಎಂದಿರುತ್ತದೆ, ಕೌನ್ಸಿಲಿನ ಹೆಸರಿರುತ್ತದೆ. ಸೂಪರ್‌ಮಾರ್ಕೆಟ್ಟಿನ ಅಂಗಳ, ಜಿಮ್, ಖಾಸಗಿ ಅಪಾರ್ಟ್‌ಮೆಂಟ್ ಇಂಥ ಕಡೆ ಕಂಪನಿಗಳು ಕೊಡುವುದು ಪಾರ್ಕಿಂಗ್ ಚಾರ್ಜ್ ನೋಟಿಸ್. ಎರಡನ್ನೂ ಜನ ಪಿಸಿಎನ್ ಎಂದೇ ಕರೆಯುತ್ತಾರೆ, ಲಕೋಟೆಯೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ. ಆದರೆ ಮೊದಲನೆಯದರ ಹಿಂದೆ ಕಾನೂನು ವಿಧಿಸಿದ ದಂಡವಿದೆ. ಎರಡನೆಯದರ ಹಿಂದೆ ಇರುವುದು ಬೋರ್ಡು ಓದಿ ಒಳಗೆ ಬಂದಿರಿ, ಆದ್ದರಿಂದ ಅದರ ಷರತ್ತಿಗೆ ಒಪ್ಪಿದಿರಿ ಎನ್ನುವ ಒಪ್ಪಂದದ ವಾದ. ಪ್ರಶ್ನಿಸುವ ದಾರಿಯೂ ಬೇರೆಬೇರೆ. ಒಂದರ ನಿಯಮವನ್ನು ಇನ್ನೊಂದಕ್ಕೆ ಅನ್ವಯಿಸಿಕೊಂಡು ಪೆಟ್ಟು ತಿಂದವರು ಬಹಳ ಮಂದಿ.

ಕೌನ್ಸಿಲಿನ ಚೀಟಿಯಿಂದ ಶುರು ಮಾಡೋಣ. ಲಂಡನ್ನಿನಲ್ಲಿ ಇದರ ಮೊತ್ತ 160 ಪೌಂಡ್‌ವರೆಗೆ ಹೋಗುತ್ತದೆ, ಇಂಗ್ಲೆಂಡಿನ ಉಳಿದ ಊರುಗಳಲ್ಲಿ ಸಾಮಾನ್ಯವಾಗಿ 50 ಅಥವಾ 70. ಚೀಟಿಯಲ್ಲಿ ಒಂದು ಸಂಖ್ಯೆ ಇರುತ್ತದೆ. ಅದನ್ನೂ ಕಾರಿನ ನಂಬರನ್ನೂ ಕೌನ್ಸಿಲಿನ ವೆಬ್‌ಸೈಟಿನಲ್ಲಿ ಹಾಕಿದರೆ ಅಧಿಕಾರಿ ತೆಗೆದ ಫೋಟೊಗಳು ಸಾಮಾನ್ಯವಾಗಿ ಕಾಣುತ್ತವೆ. ಹಣ ಕಟ್ಟುವುದು, ಪತ್ರ ಬರೆಯುವುದು ಏನಿದ್ದರೂ ಅದನ್ನು ನೋಡಿದ ಮೇಲೆ. ಕಾರು ಎಲ್ಲಿ ನಿಂತಿತ್ತು, ಬೋರ್ಡು ಫೋಟೊದಲ್ಲಿದೆಯೇ, ಗೆರೆ ಅಳಿಸಿಹೋಗಿದೆಯೇ, ಎಷ್ಟು ನಿಮಿಷ ನೋಡಿ ಚೀಟಿ ಹಾಕಿದರು, ಎಲ್ಲವನ್ನೂ ಸಾವಧಾನವಾಗಿ ನೋಡಿ. ಸಾಧ್ಯವಾದರೆ ಅದೇ ದಿನ ಮತ್ತೆ ಆ ಜಾಗಕ್ಕೆ ಹೋಗಿ ನಿಮ್ಮ ಫೋಟೊಗಳನ್ನೂ ತೆಗೆದುಕೊಳ್ಳಿ. ಒಂದು ತಿಂಗಳ ನಂತರ ಮರದ ಕೊಂಬೆ ಕತ್ತರಿಸಿ ಬೋರ್ಡು ಕಾಣುವಂತೆ ಮಾಡಿಬಿಟ್ಟಿದ್ದರೆ ನಿಮ್ಮ ಮಾತಿಗೆ ಸಾಕ್ಷಿ ಇರುವುದಿಲ್ಲ.

ಈಗ ಮುಖ್ಯವಾದ ಮಾತು. ನಮಗೆ ಅನ್ಯಾಯವಾಯಿತೆಂಬ ಸಿಟ್ಟು ಬೇರೆ, ಚೀಟಿ ರದ್ದಾಗಲು ಬೇಕಾದ ಆಧಾರ ಬೇರೆ. ‘ಎರಡೇ ನಿಮಿಷ ನಿಲ್ಲಿಸಿದ್ದೆ’, ‘ಯಾರಿಗೂ ಅಡ್ಡಿಯಾಗಿರಲಿಲ್ಲ’, ‘ಅಲ್ಲಿ ಇನ್ನೂ ನಾಲ್ಕು ಕಾರುಗಳಿದ್ದವು’, ‘ನಾನು ಈ ದೇಶಕ್ಕೆ ಹೊಸಬ’: ಇವೆಲ್ಲ ನಿಜವೇ ಇರಬಹುದು, ಆದರೆ ಇಷ್ಟರಿಂದಲೇ ಚೀಟಿ ರದ್ದಾಗದು. ನಿಯಮ ಮುರಿದೇ ಇಲ್ಲ, ಆಗ ಕಾರು ನನ್ನದಾಗಿರಲಿಲ್ಲ, ಕಾರು ಕಳವಾಗಿತ್ತು, ಕೌನ್ಸಿಲ್ ತಾನು ಪಾಲಿಸಬೇಕಾದ ಕ್ರಮ ಪಾಲಿಸಿಲ್ಲ, ಕೇಳಿದ ಮೊತ್ತ ಕಾನೂನು ಮಿತಿಗಿಂತ ಹೆಚ್ಚು ಎನ್ನುವಂಥವು ಕಾನೂನು ಒಪ್ಪುವ ಆಧಾರಗಳು. ಇವಲ್ಲದೆ, ಹಠಾತ್ತನೆ ಕಾಯಿಲೆ ಬಿದ್ದದ್ದು, ಕಾರು ಕೆಟ್ಟು ನಿಂತದ್ದು ಮುಂತಾದ ಬಲವಾದ ಕಾರಣಗಳಿದ್ದರೆ ಕೌನ್ಸಿಲ್ ತನ್ನ ವಿವೇಚನೆಯಿಂದ ಬಿಟ್ಟುಬಿಡಬಹುದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಹೀಥ್ರೂನಿಂದ ಕರೆತಂದು ಮನೆ ಮುಂದಿನ ಜೋಡಿ ಹಳದಿ ಗೆರೆಯ ಮೇಲೆ ಕಾರು ನಿಲ್ಲಿಸಿ, ದೊಡ್ಡ ಸೂಟ್‌ಕೇಸುಗಳನ್ನು ಮಹಡಿಗೆ ಒಯ್ಯುತ್ತೀರಿ. ಇಳಿದು ಬರುವಷ್ಟರಲ್ಲಿ ಚೀಟಿ. ಬಹುಪಾಲು ಹೊಸಬರು ಜೋಡಿ ಗೆರೆ ಎಂದರೆ ತಪ್ಪು ತಪ್ಪೇ ಎಂದುಕೊಂಡು ಹಣ ಕಟ್ಟಿಬಿಡುತ್ತಾರೆ. ನಿಜವಾಗಿ ನೋಡಿದರೆ ಹಳದಿ ಗೆರೆಯ ಮೇಲೂ ಪ್ರಯಾಣಿಕರನ್ನು ಹತ್ತಿಸಲು, ಇಳಿಸಲು ಬೇಕಾದಷ್ಟು ಹೊತ್ತು ನಿಲ್ಲಿಸಲು ಸಾಮಾನ್ಯವಾಗಿ ಅವಕಾಶವಿದೆ. ವಯಸ್ಸಾದವರಿಗೆ ನೆರವಾಗಿ, ಭಾರದ ಸಾಮಾನು ಬಾಗಿಲವರೆಗೆ ಮುಟ್ಟಿಸುವ ಸಮಯವನ್ನೂ ಅದರಲ್ಲಿ ಸೇರಿಸಿ ವಾದಿಸಬಹುದು. ವಿಮಾನದ ಟಿಕೆಟ್ಟು, ಬಂದಿಳಿದ ಸಮಯ, ಅಪ್ಪ ಅಮ್ಮನ ವಯಸ್ಸು, ಮನೆಯ ವಿಳಾಸ ಇಷ್ಟನ್ನು ಜೋಡಿಸಿ ಬರೆದರೆ ಇದು ಪ್ರಶ್ನಿಸಲೇಬೇಕಾದ ಚೀಟಿ. ಅದೇ ಜಾಗದಲ್ಲಿ ಕಾರು ಬಿಟ್ಟು, ಮೇಲೆ ಕುಳಿತು ಕಾಫಿ ಕುಡಿದು ಬಂದಿದ್ದರೆ ಆ ವಾದ ಉಳಿಯುವುದಿಲ್ಲ.

ಸೋಲುವ ಪ್ರಕರಣಗಳೂ ಇವೆ. ಲಂಡನ್ನಿನಲ್ಲಿ ಎರಡು ಚಕ್ರ ಫುಟ್‌ಪಾತಿನ ಮೇಲೇರಿಸಿ ನಿಲ್ಲಿಸುವುದು 1974ರ ಕಾನೂನಿನಿಂದ ನಿಷಿದ್ಧ. ಅಲ್ಲಿ ನಿಲ್ಲಿಸಬಹುದೆಂಬ ಬೋರ್ಡು ಇರದಿದ್ದರೆ ನಿಷೇಧವೆಂದೇ ಅರ್ಥ. ನಿಯಂತ್ರಿತ ಪಾರ್ಕಿಂಗ್ ವಲಯಗಳಲ್ಲಿ ಸಮಯದ ಬೋರ್ಡು ವಲಯದ ಪ್ರವೇಶದಲ್ಲಿ ಮಾತ್ರ ಇದ್ದು, ಒಳಗಿನ ಒಂಟಿ ಹಳದಿ ಗೆರೆಯ ಪಕ್ಕ ಏನೂ ಬರೆದಿರಲಿಕ್ಕಿಲ್ಲ. ವೆಂಬ್ಲಿ ಕ್ರೀಡಾಂಗಣದ ಸುತ್ತಮುತ್ತ ಪಂದ್ಯ, ಸಂಗೀತ ಕಾರ್ಯಕ್ರಮ ಇರುವ ದಿನಗಳಿಗೆ ಬೇರೆಯೇ ನಿಯಮ. ಯುಗಾದಿ, ರಾಜ್ಯೋತ್ಸವಕ್ಕೆ ಬಾಡಿಗೆ ಸಭಾಂಗಣ ಹುಡುಕಿಕೊಂಡು ಅಪರಿಚಿತ ಬಡಾವಣೆಗೆ ಹೋಗುವ ನಮ್ಮವರು ಸಿಕ್ಕಿಬೀಳುವುದು ಇಂಥ ಕಡೆ. ಸಂಘಟಕರು ಆಮಂತ್ರಣದಲ್ಲೇ ಪಾರ್ಕಿಂಗ್ ವಿವರ ಬರೆದರೆ ಎಷ್ಟೋ ಮನೆಗಳ ದುಡ್ಡು ಉಳಿದೀತು.

ಹಣ ಕಟ್ಟಿ ಹೊತ್ತು ಮೀರಿದವರಿಗೆ ಒಂದು ರಕ್ಷಣೆ ಇದೆ. 2015ರಿಂದ ಇಂಗ್ಲೆಂಡಿನಲ್ಲಿ ನಿಲ್ಲಿಸಲು ಅನುಮತಿಯಿರುವ ಕೌನ್ಸಿಲ್ ಜಾಗಗಳಲ್ಲಿ ಅವಧಿ ಮುಗಿದ ಮೇಲೆ 10 ನಿಮಿಷ ವಿನಾಯಿತಿ ಕೊಡಲೇಬೇಕು. ಹಳದಿ ಗೆರೆಗೆ ಇದು ಅನ್ವಯಿಸದು.

ಇನ್ನು ಲೆಕ್ಕಾಚಾರ. ಮೊದಲ 14 ದಿನದೊಳಗೆ ಕೌನ್ಸಿಲಿಗೆ ಪತ್ರ ಬರೆದು ಪ್ರಶ್ನಿಸಿದರೆ, ಅವರು ತಿರಸ್ಕರಿಸಿದರೂ ಅರ್ಧ ಮೊತ್ತ ಕಟ್ಟುವ ಅವಕಾಶವನ್ನು ಸಾಮಾನ್ಯವಾಗಿ ಮತ್ತೆ ಕೊಡುತ್ತಾರೆ. ಅಂದರೆ ಸಣ್ಣದಾದರೂ ಆಧಾರವಿದ್ದವರು ಮೊದಲ ಸುತ್ತಿನಲ್ಲಿ ಕೇಳಿಯೇ ಬಿಡಬೇಕು, ಕಳೆದುಕೊಳ್ಳುವುದು ಹೆಚ್ಚೇನಿಲ್ಲ. ಹಣ ಕಟ್ಟಿದರೆ ಪ್ರಕರಣ ಅಲ್ಲಿಗೆ ಮುಗಿಯಿತು, ಹಾಗಾಗಿ ಕಟ್ಟಿ ಆಮೇಲೆ ವಾದಿಸೋಣ ಎಂಬುದು ನಡೆಯದು. ನಿಜವಾದ ತೀರ್ಮಾನ ಬರುವುದು ಮೊದಲ ತಿರಸ್ಕಾರದ ಪತ್ರ ಕೈಗೆ ಬಂದಾಗ. ಅಲ್ಲಿಂದ ಮುಂದೆ ಹೋದರೆ ಪಣಕ್ಕಿಡುವುದು ಪೂರ್ತಿ ಮೊತ್ತ.

ಮುಂದೆ ಹೋಗುವವರಿಗೆ ಕೌನ್ಸಿಲ್ ಮಾಲೀಕರ ಹೆಸರಿಗೆ ನೋಟಿಸು ಕಳಿಸುತ್ತದೆ. ಅದಕ್ಕೆ 28 ದಿನದೊಳಗೆ ಔಪಚಾರಿಕ ಆಕ್ಷೇಪ ಸಲ್ಲಿಸಬೇಕು. ಕೌನ್ಸಿಲ್ 56 ದಿನದೊಳಗೆ ಉತ್ತರ ಕೊಡದಿದ್ದರೆ ನಿಮ್ಮ ಆಕ್ಷೇಪ ಒಪ್ಪಿದಂತೆ. ತಿರಸ್ಕರಿಸಿದರೆ ಸ್ವತಂತ್ರ ನ್ಯಾಯಮಂಡಳಿ ಇದೆ: ಲಂಡನ್ನಿಗೆ ಲಂಡನ್ ಟ್ರಿಬ್ಯೂನಲ್ಸ್, ಉಳಿದೆಡೆಗೆ ಟ್ರಾಫಿಕ್ ಪೆನಾಲ್ಟಿ ಟ್ರಿಬ್ಯೂನಲ್. ಮೇಲ್ಮನವಿಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಭಾಷೆಯ ಅಳುಕಿರುವವರು ಬರಹದಲ್ಲೇ ವಿಚಾರಣೆ ಕೇಳಿಕೊಳ್ಳಬಹುದು. ಕಾಗದಪತ್ರ ಗಟ್ಟಿಯಿರುವವರು ಹಣದ ಭಯಕ್ಕೆ ಇಲ್ಲಿ ಹಿಂದೆ ಸರಿಯಬಾರದೆಂಬುದು ನನ್ನ ಅಭಿಪ್ರಾಯ. ಏನೂ ಮಾಡದೆ ಕುಳಿತರೆ ಮಾತ್ರ ಮೊತ್ತ ಒಂದೂವರೆ ಪಟ್ಟಾಗಿ, ಕೊನೆಗೆ ವಸೂಲಿದಾರರು ಮನೆ ಬಾಗಿಲಿಗೆ ಬರುತ್ತಾರೆ.

ಪತ್ರ ಚಿಕ್ಕದಾಗಿರಲಿ. ಏನು ನಡೆಯಿತು, ಯಾವ ಕಾರಣಕ್ಕೆ ಚೀಟಿ ತಪ್ಪು, ಜೊತೆಗೆ ಯಾವ ದಾಖಲೆ ಇದೆ, ಇಷ್ಟು ಸಾಕು. ಅಧಿಕಾರಿಯ ನಡತೆಯ ಬಗ್ಗೆ ದೂರಿದ್ದರೆ ಬೇರೆ ಪತ್ರದಲ್ಲಿ ಬರೆಯಿರಿ.

ಖಾಸಗಿ ಕಂಪನಿಯ ಚೀಟಿಯನ್ನು ‘ಹರಿದು ಬಿಸಾಕು, ಅವರೇನು ಮಾಡಿಯಾರು’ ಎಂದು ಹೇಳುವ ಹಿರಿಯರು ಈಗಲೂ ಸಿಗುತ್ತಾರೆ. ಅದು ಹಳೆಯ ಕಾಲದ ಸಲಹೆ. 2012ರ ಕಾನೂನಿನ ಪ್ರಕಾರ, ಓಡಿಸಿದವರು ಯಾರೆಂದು ಗೊತ್ತಾಗದಿದ್ದರೂ ಷರತ್ತುಗಳು ಪೂರೈಸಿದ್ದರೆ ಕಾರು ಯಾರ ಹೆಸರಿನಲ್ಲಿದೆಯೋ ಅವರಿಂದ ವಸೂಲಿ ಮಾಡಬಹುದು. ಚೆಮ್ಸ್‌ಫರ್ಡ್‌ನ ಮಳಿಗೆ ಸಂಕೀರ್ಣವೊಂದರಲ್ಲಿ ಎರಡು ಗಂಟೆಯ ಉಚಿತ ಅವಧಿ ಮೀರಿ ಹೆಚ್ಚುಕಡಿಮೆ ಒಂದು ಗಂಟೆ ನಿಂತ ಕಾರಿಗೆ ಹಾಕಿದ 85 ಪೌಂಡ್ ಸರಿಯೆಂದು ಸುಪ್ರೀಂ ಕೋರ್ಟ್ 2015ರಲ್ಲಿ ತೀರ್ಪಿತ್ತಿತು. ಹಾಗೆಂದು ಕೇಳಿದ್ದನ್ನೆಲ್ಲ ಕೊಡಬೇಕಿಲ್ಲ. ಗಾಜಿಗೆ ಚೀಟಿ ಅಂಟಿಸದೆ ಕ್ಯಾಮೆರಾ ನೋಡಿ ಹಾಕಿದ್ದಾದರೆ, ಆ ಕಾನೂನಿನಡಿ ನೋಟಿಸು 14 ದಿನದೊಳಗೆ ನಿಮಗೆ ತಲುಪಬೇಕು. ತಡವಾದರೆ ನಿಮ್ಮ ಹೊಣೆ ಪ್ರಶ್ನಿಸಬಹುದು. ಓಡಿಸಿದವರು ಯಾರೆಂದು ನೀವಾಗಿ ಬರೆದುಕೊಟ್ಟರೆ ಮಾತ್ರ ಈ ವಾದ ಕೈತಪ್ಪುತ್ತದೆ. ಮೊದಲು ಕಂಪನಿಗೆ, ಆಮೇಲೆ ಅದು ಸದಸ್ಯನಾಗಿರುವ ಸಂಘಕ್ಕೆ ತಕ್ಕಂತೆ ಪೋಪ್ಲಾ ಅಥವಾ ಐಎಎಸ್ ಎಂಬ ಮೇಲ್ಮನವಿ ಸಂಸ್ಥೆಗೆ ಹೋಗಬೇಕು. ಅಲ್ಲಿವರೆಗೆ ಹೋದರೆ ರಿಯಾಯಿತಿ ಸಾಮಾನ್ಯವಾಗಿ ಉಳಿಯದು.

ಇದರಲ್ಲಿ ನಿರ್ಲಕ್ಷ್ಯಕ್ಕೆ ತೆರಬೇಕಾದ ಬೆಲೆ ದೊಡ್ಡದು. ಕಂಪನಿ ಕೌಂಟಿ ಕೋರ್ಟಿಗೆ ಹೋಗಿ, ನೀವು ಉತ್ತರಿಸದೆ ಇದ್ದರೆ ತೀರ್ಪು ನಿಮ್ಮ ವಿರುದ್ಧ ತಾನಾಗಿಯೇ ಆಗುತ್ತದೆ. ಒಂದು ತಿಂಗಳೊಳಗೆ ಹಣ ಕಟ್ಟದಿದ್ದರೆ ಅದು ಆರು ವರ್ಷ ದಾಖಲೆಯಲ್ಲಿ ಉಳಿದು, ಮನೆ ಬಾಡಿಗೆಗೂ ಗೃಹಸಾಲಕ್ಕೂ ಅಡ್ಡ ಬರುತ್ತದೆ. ಹೊಸಬರು ಮೊದಲ ವರ್ಷಗಳಲ್ಲಿ ಮನೆ ಬದಲಿಸುತ್ತಲೇ ಇರುತ್ತಾರೆ, ಕಾಗದಗಳು ಹಳೆಯ ವಿಳಾಸಕ್ಕೆ ಹೋಗುತ್ತಲೇ ಇರುತ್ತವೆ. ಆದ್ದರಿಂದ ಮನೆ ಬದಲಿಸಿದ ವಾರವೇ ವಾಹನ ನೋಂದಣಿ ನೋಡಿಕೊಳ್ಳುವ ಡಿವಿಎಲ್‌ಎಗೆ ಕಾರಿನ ಲಾಗ್‌ಬುಕ್ಕಿನ ವಿಳಾಸವನ್ನೂ ಲೈಸೆನ್ಸಿನ ವಿಳಾಸವನ್ನೂ ಬೇರೆಬೇರೆಯಾಗಿ ಬದಲಿಸಿಕೊಳ್ಳಿ. ಒಂದನ್ನು ಬದಲಿಸಿದರೆ ಇನ್ನೊಂದು ತಾನಾಗಿ ಬದಲಾಗುವುದಿಲ್ಲ.