ಹದ್ದೆಲ್ಲ ಒಂದೇ ಅಲ್ಲ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆ ಮಳೆ ಕಡಮೆಯ ಬಯಲುನಾಡು. ಎರೆಹೊಲ, ಕಲ್ಲುಗುಡ್ಡ, ಕುರುಚಲು ಕಾಡುಗಳ ಈ ನಾಡಿನಲ್ಲಿ ಬೇಟೆಹಕ್ಕಿಗಳನ್ನು ಕಾಣಲು ಊರಂಚಿನವರೆಗೆ ನಡೆದರೆ ಸಾಕು. ಆದರೆ ಆಡುಮಾತಿನಲ್ಲಿ ಬಾನಿನಲ್ಲಿ ಸುತ್ತುವ ದೊಡ್ಡ ಹಕ್ಕಿಯೆಲ್ಲವೂ ಹದ್ದೇ.

ಪೂರ್ವದ ಕೋಶಕಾರರು ಇಷ್ಟಕ್ಕೆ ತೃಪ್ತರಾಗಲಿಲ್ಲ. ಅಮರಸಿಂಹನು ಶ್ಯೇನ, ಚಿಲ್ಲ, ಗೃಧ್ರಗಳನ್ನು ಬೇರೆಬೇರೆಯಾಗಿ ಹೇಳಿ, ಶ್ಯೇನಕ್ಕೆ ‘ಶಶಾದನ’ ಎಂದರೆ ಮೊಲವನ್ನು ತಿನ್ನುವುದು ಎಂಬ ಪರ್ಯಾಯವನ್ನೂ ಕೊಟ್ಟಿದ್ದಾನೆ. ಕನ್ನಡದಲ್ಲಿಯೂ ಹದ್ದು, ಗಿಡುಗ, ಡೇಗೆ, ಸಾಳುವ ಎಂಬ ಹೆಸರುಗಳುಂಟು. ವಿಜಯನಗರವನ್ನಾಳಿದ ಸಾಳುವ ವಂಶದ ಹೆಸರಿನಲ್ಲಿರುವುದೂ ಬೇಟೆಗೆ ಪಳಗಿಸುತ್ತಿದ್ದ ಈ ಹಕ್ಕಿಯೇ.

ಗುರುತಿಸುವ ಬಗೆ ಕಠಿನವಲ್ಲ. ಬಾಲದ ತುದಿ ಕವಲೊಡೆದಿದ್ದರೆ ಅದು ಸಾಮಾನ್ಯ ಹದ್ದು. ಮೈ ಕಾವಿಗೆಂಪಾಗಿ ತಲೆಯೂ ಎದೆಯೂ ಬೆಳ್ಳಗಿದ್ದರೆ ಅದು ಹಿರಿಯರು ಕೈಮುಗಿಯುವ ಗರುಡ. ಹೊಲದ ಮೇಲೆ ನಿಂತಲ್ಲೇ ರೆಕ್ಕೆ ಬಡಿಯುತ್ತ ಇಲಿಗಾಗಿ ಹೊಂಚುವ ಬೂದುಬಿಳಿಯ ಸಣ್ಣ ಹಕ್ಕಿ ಕಪ್ಪುರೆಕ್ಕೆಯ ಹದ್ದು. ಹಾವುಗಳನ್ನೇ ಮುಖ್ಯ ಆಹಾರವಾಗಿಸಿಕೊಂಡ ಹಾವುಹದ್ದು ಗಾತ್ರದಲ್ಲಿ ಬಹು ದೊಡ್ಡದು. ಅದು ಇಡುವುದು ಒಂದೇ ಮೊಟ್ಟೆ. ಚಳಿಗಾಲದಲ್ಲಿ ಮಧ್ಯ ಏಷ್ಯದ ಕಡೆಯಿಂದ ಬರುವ ಹ್ಯಾರಿಯರ್ ಗಿಡುಗಗಳು ನೆಲಕ್ಕೆ ಸಮೀಪವಾಗಿ ತೇಲುತ್ತ ಮಿಡತೆಗಳನ್ನು ಹಿಡಿದು, ರಾತ್ರಿ ಹುಲ್ಲುಗಾವಲಿನ ನೆಲದ ಮೇಲೆಯೇ ಮಲಗುತ್ತವೆ.

ಹೆಸರಿನ ಭೇದವನ್ನು ತಿಳಿದು ಆಗಬೇಕಾದುದೇನೆಂದು ಕೇಳುವವರಿಗೆ ರಣಹದ್ದಿನ ಕಥೆಯೇ ಉತ್ತರ. ದನಕರುಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧವು ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. 1990ರ ದಶಕದಿಂದೀಚೆಗೆ ಭಾರತದಲ್ಲಿ ಅವುಗಳ ಮೂರು ಜಾತಿಗಳು ನೂರಕ್ಕೆ ತೊಂಬತ್ತಕ್ಕೂ ಮೀರಿ ನಶಿಸಿದವು. ಪಶುಚಿಕಿತ್ಸೆಯಲ್ಲಿ ಆ ಔಷಧವನ್ನು ಸರಕಾರವು ನಿಷೇಧಿಸಿದ್ದು 2006ರಲ್ಲಿ. ರಣಹದ್ದನ್ನೂ ಹದ್ದೆಂದೇ ಕರೆದವರಿಗೆ ಈ ನಷ್ಟವು ತಿಳಿಯುವ ಬಗೆಯೆಂತು? ಅವರ ಪಾಲಿಗೆ ಬಾನಿನಲ್ಲಿ ಹದ್ದುಗಳು ಇದ್ದೇ ಇದ್ದುವು.

ಇದೇ ಎಚ್ಚರವು ಉಳಿದ ಹಕ್ಕಿಗಳಿಗೂ ಬೇಕು. ಇಲಿಗೆ ಇಟ್ಟ ವಿಷವು ಇಲಿಯ ಮೂಲಕ ಹದ್ದಿನ ಹೊಟ್ಟೆಯನ್ನು ಸೇರಬಲ್ಲುದು. ಹುಲ್ಲುಗಾವಲು ಹೊಲವಾದರೆ ದೂರದಿಂದ ಬಂದ ಗಿಡುಗಕ್ಕೆ ಮಲಗಲು ಎಡೆಯಿಲ್ಲ. ಒಂದು ಕೋಳಿಮರಿ ಹೋಯಿತೆಂದು ಕಲ್ಲೆಸೆಯುವವನು, ಅದೇ ಕುಲದ ಹಕ್ಕಿಗಳು ತನ್ನ ಹೊಲದಲ್ಲಿ ಹಿಡಿದ ಇಲಿಗಳನ್ನು ಎಣಿಸಿರುವುದಿಲ್ಲ. ಶರಣರು ಬೋಧಿಸಿದ ದಯೆಗೆ ಉಗುರು ಕೊಕ್ಕುಗಳುಳ್ಳ ಜೀವಿಯೂ ಪಾತ್ರವೇ.

ವಿದ್ಯಾರ್ಥಿಗಳು ಗೂಡಿನಿಂದ ದೂರ ನಿಂತು, ಕಂಡ ಹಕ್ಕಿಯ ಬಾಲ, ಬಣ್ಣ, ಹಾರುವ ರೀತಿ, ದಿನಾಂಕಗಳನ್ನು ಬರೆದಿಡಲಿ. ಮುಂದಿನ ವರ್ಷ ಯಾವುದು ಬರಲಿಲ್ಲವೆಂಬುದನ್ನು ಆ ಬರಹವೇ ತಿಳಿಸುವುದು.